ಚಲಿಸುವ ಮನೆ, ನಿಂತ ಮನೆ

ಪಾಯ ತೋಡುವುದರಿಂದಲೇ ಮನೆಯ ಕೆಲಸ ಮೊದಲಾಗಬೇಕೆಂಬುದು ನೇಗಿಲು ಹಿಡಿದ ಜನರ ನಂಬಿಕೆ. ನೆಲವನ್ನು ಉತ್ತು, ಬಿತ್ತಿ, ಅದರ ಫಲಕ್ಕಾಗಿ ಒಂದು ಋತುವಿನಿಂದ ಇನ್ನೊಂದು ಋತುವಿಗೆ ಕಾದು ಕುಳಿತಿರಬೇಕಾದವನಿಗೆ ತನ್ನ ವಸತಿಯೂ ಆ ನೆಲವನ್ನೇ ಕಚ್ಚಿಕೊಂಡಿರತಕ್ಕದ್ದೆಂದು ತೋರುವುದು ಸಹಜವೇ. ಆದರೆ ಕಪ್ಪುಸಮುದ್ರದ ಉತ್ತರತೀರದಿಂದ ಮಂಚೂರಿಯದ ಅಂಚಿನವರೆಗೆ ಹಬ್ಬಿರುವ ಹುಲ್ಲುಗಾವಲಿನಲ್ಲಿ, ಮಳೆ ಅಲ್ಪವಾಗಿ, ಚಳಿ ಅತಿಯಾಗಿ, ಬೇಸಾಯಕ್ಕೆ ಹೆಚ್ಚಿನ ಆಸ್ಪದವಿಲ್ಲದೆ, ಕುರಿ ಕುದುರೆ ಒಂಟೆಗಳ ಹಿಂಡನ್ನು ಹೊಡೆದುಕೊಂಡು ಮೇವಿರುವೆಡೆಗೆ ಸಾಗಬೇಕಾಗಿದ್ದ ಜನರು ಇದಕ್ಕೆ ತೀರ ಭಿನ್ನವಾದ ಇನ್ನೊಂದು ಮನೆಯನ್ನು ಕಲ್ಪಿಸಿದರು. ಬೆಳಗ್ಗೆ ಬಿಚ್ಚಿ, ಹಗಲು ಹೊತ್ತು, ಸಂಜೆ ಮತ್ತೆ ಕಟ್ಟಿಕೊಳ್ಳಬಹುದಾದ ಮನೆ ಅದು. ಲೋಕಕ್ಕೆ ಯುರ್ಟ್ ಎಂದು ಪರಿಚಿತವಾಗಿರುವ, ಮಂಗೋಲಿಯದವರು ಗೆರ್ ಎಂದೂ ಕಿರ್ಗಿಜರು ಬೋಜ್ ಉಯ್ ಎಂದೂ ಕರೆಯುವ ಈ ದುಂಡು ಮನೆ ಇಂದು ಅಮೆರಿಕದ ಕಾಡುಗಳಲ್ಲಿಯೂ ಯೂರೋಪಿನ ವಿಹಾರಸ್ಥಳಗಳಲ್ಲಿಯೂ ಹೊಸ ಸಾಮಗ್ರಿಗಳಿಂದ ಎದ್ದು ನಿಂತಿದೆ. ಅದರ ದೀರ್ಘವಾದ ಚರಿತ್ರೆಯನ್ನು ಅವಲೋಕಿಸುವವನಿಗೆ ಎದುರಾಗುವ ಪ್ರಶ್ನೆ ಒಂದುಂಟು: ಮನೆಯ ಆಕಾರ ಉಳಿದ ಮಾತ್ರಕ್ಕೆ ಆ ಮನೆಯ ಬಾಳೂ ಉಳಿಯುವುದೆ?

ಗ್ರೀಕ್ ಚರಿತ್ರಕಾರನಾದ ಹೆರೊಡೋಟಸನು ಕ್ರಿಸ್ತಪೂರ್ವ 5ನೆಯ ಶತಮಾನದಲ್ಲಿ, ಸಿಥಿಯನರ ದೇಶದಿಂದಾಚೆಗೆ ವಾಸಿಸುವ ಬೋಳುತಲೆಯ ಜನಾಂಗವೊಂದನ್ನು ಕುರಿತು ತಾನು ಕೇಳಿದ್ದನ್ನು ಬರೆಯುತ್ತ, ಅವರಲ್ಲಿ ಒಬ್ಬೊಬ್ಬನೂ ಒಂದೊಂದು ಮರದ ಕೆಳಗೆ ಇರುವನೆಂದೂ, ಚಳಿಗಾಲದಲ್ಲಿ ಆ ಮರಕ್ಕೆ ಬಿಳಿಯ ಫೆಲ್ಟನ್ನು ಹೊದಿಸಿ ಬೇಸಗೆ ಬಂದೊಡನೆ ತೆಗೆದುಬಿಡುವನೆಂದೂ ಹೇಳಿದ್ದಾನೆ. ಫೆಲ್ಟ್ ಎಂದರೆ ನೂಲದೆ, ನೇಯದೆ, ಉಣ್ಣೆಯನ್ನು ಒದ್ದೆಮಾಡಿ ಅದುಮಿ ಉರುಳಿಸಿ ಸಿದ್ಧಪಡಿಸಿದ ದಪ್ಪನಾದ ಹಾಸು. ಅದಿಲ್ಲದೆ ಈ ಮನೆಯೇ ಇಲ್ಲ. ಚೀನಾದ ತಾಂಗ್ ಚಕ್ರವರ್ತಿಗಳ ಕಾಲಕ್ಕೆ ಬರುವಷ್ಟರಲ್ಲಿ ಫೆಲ್ಟಿನ ಗುಡಾರವು ನಾಗರಿಕರಿಗೂ ಮೋಹವನ್ನುಂಟುಮಾಡತಕ್ಕ ವಸ್ತುವಾಗಿತ್ತು. ತೈಜೊಂಗ್ ಚಕ್ರವರ್ತಿಯ ಹಿರಿಯ ಮಗ ಲಿ ಚೆಂಗ್‌ಚಿಯೆನ್ ಅರಮನೆಯ ಅಂಗಳದಲ್ಲಿಯೇ ತುರ್ಕಿ ಗುಡಾರವನ್ನು ಹೂಡಿ, ತುರ್ಕಿ ಉಡುಪನ್ನುಟ್ಟು, ಕುರಿಯನ್ನು ಬೇಯಿಸಿ ಕತ್ತಿಯಿಂದಲೇ ಕೊಯ್ದು ತಿನ್ನುತ್ತಿದ್ದನಂತೆ. 643ರಲ್ಲಿ ಅವನು ಯುವರಾಜ ಪದವಿಯನ್ನು ಕಳೆದುಕೊಂಡನು. ಎರಡು ಶತಮಾನಗಳ ತರುವಾಯ ಮಹಾಕವಿ ಬೈ ಜೂಯಿ ಲುವೋಯಾಂಗ್ ನಗರದ ತನ್ನ ಮನೆಯಂಗಳದಲ್ಲಿ ನೀಲಿಯ ಫೆಲ್ಟಿನ ಗುಡಾರವೊಂದನ್ನು ನಿಲ್ಲಿಸಿಕೊಂಡು, ಚಳಿಗಾಲವನ್ನು ಅದರ ಬೆಚ್ಚನೆಯ ಗರ್ಭದಲ್ಲಿ ಕಳೆಯುತ್ತ, ಅದರ ಗುಣಗಳನ್ನು ಪದ್ಯಗಳಲ್ಲಿ ಕೊಂಡಾಡಿದನು. ನೆಲೆನಿಂತ ಜನ ಅಲೆಮಾರಿಯ ಮನೆಯನ್ನು ಅಂಗಳದಲ್ಲಿಟ್ಟು ಆನಂದಪಡುವುದು ನಮ್ಮ ಕಾಲದ ಹೊಸ ಚಾಳಿಯೇನೂ ಅಲ್ಲವೆಂಬುದಕ್ಕೆ ಈ ಇಬ್ಬರೇ ಸಾಕ್ಷಿ.

ಮಂಗೋಲ್ ಸಾಮ್ರಾಜ್ಯದ ಕಾಲದಲ್ಲಿ ಈ ಮನೆ ತನ್ನ ವೈಭವದ ಪರಾಕಾಷ್ಠೆಯನ್ನು ಮುಟ್ಟಿತು. 1253ರಲ್ಲಿ ಹೊರಟು ಮೋಂಕೆ ಖಾನನ ಆಸ್ಥಾನದವರೆಗೆ ಹೋಗಿಬಂದ ಫ್ರಾನ್ಸಿಸ್ಕನ್ ಸಂನ್ಯಾಸಿ ರುಬ್ರುಕ್‌ನ ವಿಲಿಯಂ, ಕಂಡದ್ದನ್ನು ಅಳೆದು ಎಣಿಸಿ ಬರೆಯುವ ಸ್ವಭಾವದವನು. ಬಿಚ್ಚದೆ ಇಡಿಯಾಗಿಯೇ ಗಾಡಿಯ ಮೇಲೇರಿಸಿದ ದೊಡ್ಡ ಮನೆಗಳನ್ನು ಅವನು ದಾರಿಯಲ್ಲಿ ಕಂಡನು. ಒಂದು ಗಾಡಿಯ ಎರಡು ಚಕ್ರದ ಜಾಡುಗಳ ನಡುವಣ ಅಂತರವನ್ನು ಅಳೆದಾಗ ಅದು 20 ಅಡಿ ಇದ್ದಿತು. ಮೇಲಿನ ಮನೆ ಚಕ್ರಗಳಿಂದಾಚೆಗೆ ಎರಡು ಕಡೆಯೂ ಐದೈದು ಅಡಿ ಚಾಚಿಕೊಂಡಿತ್ತು. ಅಂಥ ಒಂದು ಮನೆಯನ್ನು ಎಳೆಯುತ್ತಿದ್ದ ಎತ್ತುಗಳನ್ನು ಎಣಿಸಿದರೆ 22: ಸಾಲಿಗೆ ಹನ್ನೊಂದರಂತೆ ಎರಡು ಸಾಲು. ಗಾಡಿಯ ಅಚ್ಚು ಹಡಗಿನ ಕೂವೆಮರದಷ್ಟಿತ್ತೆಂದೂ, ಮನೆಯ ಬಾಗಿಲಲ್ಲಿ ನಿಂತು ಒಬ್ಬನು ಆ ಎತ್ತುಗಳನ್ನು ಹೊಡೆಯುತ್ತಿದ್ದನೆಂದೂ ಅವನು ಬರೆಯುತ್ತಾನೆ. ಹೊದಿಕೆ ಇನ್ನೂ ಬೆಳ್ಳಗೆ ಕಾಣಲೆಂದು ಫೆಲ್ಟಿಗೆ ಸುಣ್ಣವನ್ನೋ ಬಿಳಿಯ ಮಣ್ಣನ್ನೋ ಮೂಳೆಯ ಪುಡಿಯನ್ನೋ ಬಳಿಯುತ್ತಿದ್ದರಂತೆ. ಅವನಿಗಿಂತ ಕೆಲವು ವರ್ಷ ಮುಂಚೆ, 1246ರಲ್ಲಿ, ಗುಯುಕ್ ಖಾನನ ಪಟ್ಟಾಭಿಷೇಕದ ಸಮಯಕ್ಕೆ ಅಲ್ಲಿದ್ದ ಕಾರ್ಪಿನಿ ಎಂಬ ಇನ್ನೊಬ್ಬ ಸಂನ್ಯಾಸಿ, ಎರಡು ಸಾವಿರ ಜನ ಹಿಡಿಸಬಹುದಾದ ಬಿಳಿಯ ಡೇರೆಯನ್ನು ಕಂಡುದಾಗಿ ಹೇಳುತ್ತಾನೆ.

ಆದರೆ ಈ ಮನೆಯ ಹಿರಿಮೆಗೆ ಕಾರಣವಾದದ್ದು ಗಾತ್ರವಲ್ಲ, ಒಳಗಿನ ವ್ಯವಸ್ಥೆ. ಬಾಗಿಲು ಯಾವಾಗಲೂ ದಕ್ಷಿಣಕ್ಕೆ, ಯಜಮಾನನ ಮಂಚ ಉತ್ತರಕ್ಕೆ, ಪಶ್ಚಿಮದ ಪಾರ್ಶ್ವ ಗಂಡಸರದು, ಪೂರ್ವದ್ದು ಹೆಂಗಸರದು, ನಡುವೆ ಒಲೆ. ಎಷ್ಟು ಸಲ ಬಿಚ್ಚಿ ಎಲ್ಲಿ ಕಟ್ಟಿದರೂ ಈ ದಿಕ್ಕುಗಳು ಬದಲಾಗುವುದಿಲ್ಲವಾದುದರಿಂದ, ಮಗು ಕತ್ತಲಲ್ಲಿ ಎದ್ದರೂ ನೀರಿನ ಪಾತ್ರೆ ಎಲ್ಲಿದೆಯೆಂದು ತಡವಬೇಕಾದುದಿಲ್ಲ. ಮಾನ್ಯರಾದ ಅತಿಥಿಗಳನ್ನು ಕುಳ್ಳಿರಿಸುವ ಉತ್ತರದ ಸ್ಥಾನಕ್ಕೆ ಖೋಯ್ಮೊರ್ ಎಂದು ಹೆಸರು. ದೇವರ ಪಟಗಳೂ ಮನೆತನದ ಬೆಲೆಬಾಳುವ ವಸ್ತುಗಳೂ ಅಲ್ಲಿಯೇ ಇರುತ್ತವೆ. ಹೊಸ್ತಿಲನ್ನು ತುಳಿಯುವುದು ಮಹಾಪರಾಧ. ವಿಲಿಯಂನ ಸಂಗಡಿಗನಾದ ಕ್ರೆಮೋನದ ಬಾರ್ತೊಲೋಮಿಯೊ ಖಾನನ ಸನ್ನಿಧಿಯಿಂದ ಹೊರಡುವಾಗ ಹಿಂದಿರುಗಿ ವಂದಿಸಿ, ಆತುರದಲ್ಲಿ ಬರುತ್ತ ಹೊಸ್ತಿಲಿಗೆ ಎಡವಿಬಿಟ್ಟನು. ಕಾವಲಿನವರು ಅವನನ್ನು ಅಲ್ಲಿಯೇ ಹಿಡಿದು ನ್ಯಾಯಾಧಿಕಾರಿಯ ಮುಂದೆ ನಿಲ್ಲಿಸಿದರು. ಮರುದಿನ ವಿಚಾರಣೆಯಲ್ಲಿ, ಹೊಸ್ತಿಲನ್ನು ಮುಟ್ಟಬಾರದೆಂದು ತಮಗೆ ಯಾರೂ ತಿಳಿಸಿರಲಿಲ್ಲವೆಂದು ಸಂನ್ಯಾಸಿಗಳು ಅರಿಕೆಮಾಡಿಕೊಂಡ ಮೇಲೆ ಅವನಿಗೆ ಕ್ಷಮೆ ದೊರೆಯಿತು. ಆದರೆ ಅಂದಿನಿಂದ ಖಾನನ ಯಾವ ಮನೆಯೊಳಕ್ಕೂ ಅವನಿಗೆ ಪ್ರವೇಶವಿಲ್ಲದೆ ಹೋಯಿತು. ಹೊಸ್ತಿಲಿಗೆ ಅರಿಸಿನ ಕುಂಕುಮ ಹಚ್ಚುವ ನಮ್ಮ ನಾಡಿನವರಿಗೆ ಈ ನಿಷ್ಠೆ ಅರ್ಥವಾಗದ ವಿಷಯವಲ್ಲ. ನಾಳೆ ಇನ್ನೆಲ್ಲಿಗೋ ಸಾಗಿಹೋಗುವ ಮನೆಗೂ ಇಷ್ಟು ಬಿಗಿಯಾದ ಮರ್ಯಾದೆಯಿತ್ತೆಂಬುದೇ ಇಲ್ಲಿ ಮನಸ್ಸಿಗೆ ತಂದುಕೊಳ್ಳಬೇಕಾದ ಅಂಶ.

ಇನ್ನು ಕಟ್ಟೋಣದ ವಿಚಾರ. ಮಂಗೋಲಿಯದ ಗೆರ್‌ನಲ್ಲಿ ಗೋಡೆಯೆಂದರೆ ಖನ ಎಂಬ ಮರದ ಜಾಲರಿ. ತೆಳ್ಳನೆಯ ಗಳುಗಳನ್ನು ಓರೆಯಾಗಿ ಒಂದರ ಮೇಲೊಂದು ಹಾಯಿಸಿ, ಕೂಡುವ ಎಡೆಗಳಲ್ಲಿ ತೂತು ಕೊರೆದು, ಹಸಿ ಚರ್ಮದ ದಾರದಿಂದ ಗಂಟುಹಾಕಿದ ಈ ಜಾಲರಿಯನ್ನು ಮಡಿಸಿದರೆ ಒಂದು ಕಂತೆ, ಎಳೆದರೆ ಒಂದು ಗೋಡೆ. ಐದು ಖನಗಳ ಮನೆ ಸಾಮಾನ್ಯವಾದ ಸಂಸಾರಕ್ಕೆ ಸಾಕಾಗುವಂಥದು. ಅದರ ವ್ಯಾಸ ಸುಮಾರು 6 ಮೀಟರು. ನಡುವೆ ಬಗನ ಎಂಬ ಎರಡು ಕಂಬಗಳ ಮೇಲೆ ತೂನೊ ಎಂಬ ಮರದ ಬಳೆ ಕುಳಿತಿರುತ್ತದೆ. ಗಾಡಿಯ ಚಕ್ರದ ಗುಂಬಕ್ಕೆ ಅರೆಕಾಲುಗಳು ಹೊಕ್ಕಿರುವಂತೆ ಆ ಬಳೆಗೆ ಸುತ್ತಲಿಂದಲೂ ಉನಿ ಎಂಬ ತೊಲೆಗಳು ಹೊಕ್ಕು, ಇನ್ನೊಂದು ತುದಿಯಲ್ಲಿ ಜಾಲರಿಯ ಕವಲುಗಳ ಮೇಲೆ ಕೂರುತ್ತವೆ. ಐದು ಖನಗಳ ಮನೆಗೆ ಸಾಮಾನ್ಯವಾಗಿ 81 ಉನಿಗಳು. ಚಾವಣಿಯ ಭಾರ ಜಾಲರಿಯನ್ನು ಹೊರಕ್ಕೆ ತಳ್ಳುತ್ತದೆ. ಗೋಡೆಯ ಮೇಲಂಚಿನ ಸುತ್ತ ಬಿಗಿದ ಹಗ್ಗ ಆ ತಳ್ಳಾಟವನ್ನು ತಡೆದು ಹಿಡಿಯುತ್ತದೆ. ಮೊಳೆಯೊಂದೂ ಇಲ್ಲದ ಈ ಕಟ್ಟಡ ನಿಂತಿರುವುದು ಮೇಲಿನ ಬಳೆಯ ಒತ್ತಡಕ್ಕೂ ಹೊರಗಿನ ಹಗ್ಗದ ಸೆಳೆತಕ್ಕೂ ನಡುವಣ ಒಪ್ಪಂದದಿಂದ. ಮೂಲೆಗಳಿಲ್ಲವಾದುದರಿಂದ ಹುಲ್ಲುಗಾವಲಿನ ಬಿರುಗಾಳಿಗೆ ಹಿಡಿದು ಅಲುಗಿಸಲು ಎಡೆಯೇ ಸಿಕ್ಕುವುದಿಲ್ಲ. ಆದರೂ ತೂನೊದಿಂದ ಒಂದು ಹಗ್ಗ ಒಳಗೆ ಇಳಿಬಿದ್ದಿರುತ್ತದೆ. ಗಾಳಿ ವಿಪರೀತವಾದರೆ ಅದಕ್ಕೆ ಭಾರ ಕಟ್ಟಿ ಮನೆಯನ್ನು ನೆಲಕ್ಕೆ ಹಿಡಿದಿಡುತ್ತಾರೆ. ಕಿರ್ಗಿಜರ ಮತ್ತು ಕಜಾಕರ ಮನೆಗಳಲ್ಲಿ ತೊಲೆಗಳ ಬುಡ ಬಾಗಿರುವುದರಿಂದ ಚಾವಣಿ ಇನ್ನಷ್ಟು ಕಡಿದಾಗಿ ಏರುತ್ತದೆ, ನಡುವಣ ಕಂಬಗಳೂ ಬೇಕಾಗುವುದಿಲ್ಲ. ಕಿರ್ಗಿಜರು ತುಂಡುಕ್ ಎನ್ನುವ ಆ ಮೇಲಿನ ಬಳೆಯೇ 1992ರಲ್ಲಿ ಅವರ ಹೊಸ ರಾಷ್ಟ್ರಧ್ವಜದ ನಡುವೆ ಸೂರ್ಯನೊಳಗೆ ನೆಲೆಗೊಂಡಿತು.

ಹೊದಿಕೆಯ ಫೆಲ್ಟನ್ನು ಮಾಡುವುದು ಒಬ್ಬಿಬ್ಬರ ಕೆಲಸವಲ್ಲ. ಕುರಿಯ ತುಪ್ಪಟವನ್ನು ಕೋಲುಗಳಿಂದ ಬಡಿದು ಬಿಡಿಸಿ, ತಾಯಿ ಎಂದು ಕರೆಯುವ ಹಳೆಯ ಫೆಲ್ಟನ್ನು ನೆಲಕ್ಕೆ ಹಾಸಿ, ಅದರ ಮೇಲೆ ಪದರಪದರವಾಗಿ ಹರಡುತ್ತಾರೆ. ನೀರು ಚಿಮುಕಿಸಿ, ಗಳುವೊಂದಕ್ಕೆ ಬಿಗಿಯಾಗಿ ಸುತ್ತಿ, ಮೇಲೆ ಒದ್ದೆ ಚರ್ಮವನ್ನು ಹೊದಿಸಿ ಕಟ್ಟಿದ ಆ ಸುರುಳಿಯನ್ನು ಕುದುರೆಯೋ ಒಂಟೆಯೋ ಹುಲ್ಲಿನ ಮೇಲೆ ಎಳೆದುಕೊಂಡು ಹೋಗುತ್ತದೆ. ಉರುಳಿ ಉರುಳಿ ಉಣ್ಣೆಯ ಎಳೆಗಳು ಒಂದಕ್ಕೊಂದು ಕಚ್ಚಿಕೊಂಡು, ಬಿಚ್ಚಿದಾಗ ತಾಯಿಯ ಮೇಲೆ ಮಗಳು ಎಂಬ ಹೊಸ ಫೆಲ್ಟು ಸಿದ್ಧವಾಗಿರುತ್ತದೆ. ಕೆಲಸಕ್ಕೆ ನೆರೆಹೊರೆಯವರು ಕೂಡುತ್ತಾರೆ, ಹಿರಿಯರು ಮಂಗಳವಚನಗಳನ್ನು ನುಡಿಯುತ್ತಾರೆ, ಕೊನೆಗೆ ಊಟ. ಬೇಸಗೆಯಲ್ಲಿ ಒಂದು ಪದರ, ಚಳಿಗಾಲದಲ್ಲಿ ಎರಡೋ ಮೂರೋ. ಸೆಕೆಯಾದಾಗ ಅಂಚನ್ನು ಒಂದಿಷ್ಟು ಮೇಲೆತ್ತಿಕೊಂಡರೆ ತಂಪುಗಾಳಿ ಬುಡದಲ್ಲಿ ಹೊಕ್ಕು ತೂನೊದಿಂದ ಹೊರಟುಹೋಗುತ್ತದೆ. ಅದೇ ತೂನೊದಿಂದ ಇಳಿದ ಬಿಸಿಲುಕೋಲು ಒಳಗಿನ ಗೋಡೆಯ ಮೇಲೆ ಸರಿಯುವುದನ್ನು ನೋಡಿ ಮನೆಯವರು ಹೊತ್ತನ್ನು ಅಂದಾಜುಮಾಡುತ್ತಾರೆ. ಇಷ್ಟೆಲ್ಲ ಕೂಡಿದ ಮನೆಯನ್ನು ಅಭ್ಯಾಸವುಳ್ಳ ಸಂಸಾರವೊಂದು ಗಂಟೆ ಎರಡು ಗಂಟೆಗಳಲ್ಲಿ ನಿಲ್ಲಿಸಬಲ್ಲದು. ಈ ವಿದ್ಯೆಯನ್ನೂ ಅದಕ್ಕೆ ಸೇರಿದ ಆಚಾರಗಳನ್ನೂ ಯುನೆಸ್ಕೊ ಸಂಸ್ಥೆ 2013ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಕಿರ್ಗಿಜ್ ಮತ್ತು ಕಜಾಕ್ ಪದ್ಧತಿಗಳು ಮರುವರ್ಷ ಸೇರಿದುವು.

ಮನೆ ಮಾತ್ರವಲ್ಲ, ನಗರವೇ ಚಲಿಸಿದ ನಿದರ್ಶನವೂ ಮಂಗೋಲಿಯದಲ್ಲಿ ದೊರೆಯುತ್ತದೆ. ಇಂದಿನ ರಾಜಧಾನಿ ಉಲಾನ್‌ಬಾತರ್ 1639ರಲ್ಲಿ, ಜ಼ನಬಜ಼ರ್ ಎಂಬ ಬಾಲಗುರುವಿನ ಸುತ್ತ ಕೂಡಿದ ಗೆರ್‌ಗಳ ವಿಹಾರವಾಗಿ ಹುಟ್ಟಿತು. ದೇವಾಲಯ, ಪಾಠಶಾಲೆ, ಪಾಕಶಾಲೆ ಎಲ್ಲವೂ ಫೆಲ್ಟಿನವೇ. ಮೇವೂ ಸೌದೆಯೂ ತೀರಿದಂತೆ ಅದು ಇಪ್ಪತ್ತಕ್ಕೂ ಹೆಚ್ಚು ಬಾರಿ ಸ್ಥಾನವನ್ನು ಬದಲಿಸಿ, 1778ರಲ್ಲಿ ತೂಲ್ ನದಿಯ ಕಣಿವೆಯಲ್ಲಿ ಸ್ಥಿರವಾಯಿತು. ಆ ಬೌದ್ಧ ಪರಂಪರೆಯ ಒಂದು ಎಳೆ ನಮ್ಮ ನಾಡನ್ನೂ ಮುಟ್ಟಿದೆ: ಟಿಬೆಟ್ಟಿನಲ್ಲಿ ಮಂಗೋಲರ ವಿದ್ಯಾಕೇಂದ್ರವಾಗಿದ್ದ ಡ್ರೆಪುಂಗ್ ಗೋಮಾಂಗ್ ವಿಹಾರ ಉತ್ತರಕನ್ನಡದ ಮುಂಡಗೋಡಿನಲ್ಲಿ ಮರುಸ್ಥಾಪಿತವಾಗಿ, ಗೆರ್‌ಗಳಲ್ಲಿ ಹುಟ್ಟಿ ಬೆಳೆದ ನಾಡಿನ ತರುಣ ಭಿಕ್ಷುಗಳು ಮಲೆನಾಡಿನ ಸೆರಗಿನಲ್ಲಿ ಕುಳಿತು ತರ್ಕಶಾಸ್ತ್ರವನ್ನು ಅಭ್ಯಾಸಮಾಡುತ್ತಿದ್ದಾರೆ.

20ನೆಯ ಶತಮಾನ ಅಲೆಮಾರಿಗಳ ಪಾಲಿಗೆ ಕಠೋರವಾಗಿತ್ತು. ಸೋವಿಯತ್ ಸರ್ಕಾರ ಕಜಾಕರ ಹಿಂಡುಗಳನ್ನು ವಶಪಡಿಸಿಕೊಂಡು, ಅವರನ್ನು ಬಲವಂತವಾಗಿ ಒಂದೆಡೆ ನೆಲೆಗೊಳಿಸಲು ಹೊರಟುದರ ಫಲವಾಗಿ 1930ರಿಂದ 1933ರವರೆಗೆ ಭೀಕರವಾದ ಕ್ಷಾಮ ತಲೆದೋರಿ ಸುಮಾರು 15 ಲಕ್ಷ ಜನ ಸತ್ತರು. ಮನೆಯನ್ನು ನಿಲ್ಲಿಸುವುದೇ ನಾಗರಿಕತೆಯ ಲಕ್ಷಣವೆಂಬ ಭ್ರಾಂತಿಗೆ ಆ ಜನ ತೆತ್ತ ಬೆಲೆ ಅದು. ಮಂಗೋಲಿಯದಲ್ಲಿ ಅಲೆದಾಟ ಉಳಿದುಕೊಂಡಿತು. ಆದರೆ 1990ರಲ್ಲಿ ಹಳೆಯ ರಾಜ್ಯವ್ಯವಸ್ಥೆ ಬಿದ್ದುಹೋಗಿ, ಸಾಮೂಹಿಕ ಹಿಂಡುಗಳು ಒಡೆದು ಖಾಸಗಿಯವರ ಪಾಲಾದ ಮೇಲೆ, ದುರಂತದ ದಿನಗಳಲ್ಲಿ ಕೈಹಿಡಿಯುವವರು ಇಲ್ಲವಾದರು. ಬೇಸಗೆಯ ಬರದ ಹಿಂದೆಯೇ ಮಹಾಹಿಮ ಬಿದ್ದು, ಮೇವು ಮಂಜುಗಡ್ಡೆಯ ಕೆಳಗೆ ಸಿಕ್ಕಿಕೊಳ್ಳುವ ವಿಪತ್ತಿಗೆ ಅಲ್ಲಿ ಜ಼ುದ್ ಎಂದು ಹೆಸರು. 1999ರಿಂದ 2002ರವರೆಗೆ ಇಂಥ ಚಳಿಗಾಲಗಳು ಒಂದರ ಮೇಲೊಂದು ಬಂದುವು; 2009–10ರ ಒಂದೇ ಚಳಿಗಾಲದಲ್ಲಿ 80 ಲಕ್ಷಕ್ಕೂ ಹೆಚ್ಚು ಪಶುಗಳು ಸತ್ತುವು. ಹಿಂಡನ್ನು ಕಳೆದುಕೊಂಡ ಸಂಸಾರಗಳು ಗೆರ್‌ಗಳನ್ನು ಲಾರಿಗೆ ಹೇರಿಕೊಂಡು ರಾಜಧಾನಿಯ ಸುತ್ತಣ ಬೆಟ್ಟದ ಇಳಿಜಾರುಗಳಲ್ಲಿ, ಹಲಗೆಯ ಬೇಲಿಗಳ ನಡುವೆ, ಕಟ್ಟಿಕೊಂಡುವು. 1990ರ ಸುಮಾರಿಗೆ 6 ಲಕ್ಷದಷ್ಟಿದ್ದ ನಗರದ ಜನಸಂಖ್ಯೆ ಇಂದು 15 ಲಕ್ಷವನ್ನು ಮೀರಿದೆ. ಅದರಲ್ಲಿ ಅರ್ಧದಷ್ಟು ಜನ ಈ ಗೆರ್ ಬಡಾವಣೆಗಳವರು.

ಅಲ್ಲಿ ಆಕಾರಕ್ಕೆ ಯಾವ ಕೊರತೆಯೂ ಇಲ್ಲ. ಅದೇ ಖನ, ಅದೇ ಉನಿ, ದಕ್ಷಿಣಕ್ಕೆ ಅದೇ ಬಾಗಿಲು. ಆದರೆ ಹುಲ್ಲುಗಾವಲಿನಲ್ಲಿ ಒಂದು ಮನೆಗೂ ಇನ್ನೊಂದಕ್ಕೂ ಹರದಾರಿಗಳ ಅಂತರವಿದ್ದಾಗ ಒಲೆಯ ಹೊಗೆ ಯಾರಿಗೂ ಬಾಧಕವಾಗಿರಲಿಲ್ಲ, ಕೆಲವು ತಿಂಗಳಲ್ಲಿ ಜಾಗವನ್ನೇ ಬಿಟ್ಟುಹೋಗುವವರಿಗೆ ಕಕ್ಕಸಿನ ಗುಂಡಿಯ ಚಿಂತೆಯೂ ಇರಲಿಲ್ಲ. ಸಾವಿರಾರು ಗೆರ್‌ಗಳು ಒತ್ತೊತ್ತಾಗಿ ಒಂದೇ ಕಣಿವೆಯಲ್ಲಿ ನಿಂತಾಗ ಅದೇ ಒಲೆ ವಿಷದ ಮೂಲವಾಯಿತು. ಉಷ್ಣತೆ ಶೂನ್ಯಕ್ಕಿಂತ 30 ಡಿಗ್ರಿ ಕೆಳಗಿಳಿಯುವ ಚಳಿಗಾಲದಲ್ಲಿ ಕಲ್ಲಿದ್ದಲು ಉರಿಯಲೇಬೇಕು. ತಣ್ಣನೆಯ ಗಾಳಿ ಬೆಟ್ಟಗಳ ನಡುವೆ ತಳದಲ್ಲಿ ತಂಗಿ, ಹೊಗೆ ಮೇಲೇರದೆ ಬೀದಿಯಲ್ಲಿಯೇ ಕವಿದು ಕೂರುತ್ತದೆ. 2019ರ ಮೇ ತಿಂಗಳಿಂದ ಹಸಿ ಕಲ್ಲಿದ್ದಲನ್ನು ಸುಡುವುದನ್ನು ನಗರದಲ್ಲಿ ನಿಷೇಧಿಸಿ, ಸಂಸ್ಕರಿಸಿದ ಇದ್ದಲಿನ ಉಂಡೆಗಳನ್ನು ಬಳಕೆಗೆ ತರಲಾಯಿತು. ನೀರನ್ನು ಇಂದಿಗೂ ಬಹುಮಂದಿ ಹಂಚಿಕೆಯ ಕಟ್ಟೆಗಳಿಂದ ಕ್ಯಾನುಗಳಲ್ಲಿ ಹೊತ್ತು ತರುತ್ತಾರೆ. ಚಲಿಸುವುದೇ ಯಾವ ಮನೆಯ ಆರೋಗ್ಯವಾಗಿತ್ತೋ ಆ ಮನೆ ನಿಂತುಬಿಟ್ಟಿತು. ನಿಂತ ಮನೆಗೆ ಬೇಕಾದ ನಲ್ಲಿ, ಚರಂಡಿ, ಬಿಸಿನೀರಿನ ಕೊಳವೆಗಳು ಅದಕ್ಕೆ ದೊರೆಯಲಿಲ್ಲ.

ಇದೇ 20ನೆಯ ಶತಮಾನದಲ್ಲಿ ಭೂಮಿಯ ಇನ್ನೊಂದು ಮಗ್ಗುಲಲ್ಲಿ ಗೆರ್ ಬೇರೊಂದು ಜನ್ಮವನ್ನು ತಾಳಿತು. ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶರಾಗಿದ್ದ ವಿಲಿಯಂ ಡಗ್ಲಸ್ ಮಂಗೋಲಿಯದಲ್ಲಿ ಸಂಚರಿಸಿ ಬರೆದ ಲೇಖನವೊಂದು 1962ರ ಮಾರ್ಚ್ ತಿಂಗಳ ನ್ಯಾಷನಲ್ ಜಿಯೋಗ್ರಾಫಿಕ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದನ್ನು ನೋಡಿದ ಬಿಲ್ ಕಾಪರ್‌ತ್ವೇಟ್ ಎಂಬ ಶಿಕ್ಷಕರು ಆ ಮನೆಯ ಸರಳತೆಗೆ ಮಾರುಹೋದರು. ಇವರು ಗುರುಸಮಾನರೆಂದು ಗೌರವಿಸುತ್ತಿದ್ದ ರಿಚರ್ಡ್ ಗ್ರೆಗ್, 1925ರಲ್ಲಿ ಭಾರತಕ್ಕೆ ಬಂದು ಗಾಂಧೀಜಿಯವರ ಸನಿಹದಲ್ಲಿದ್ದು, ಖಾದಿಯ ಅರ್ಥಶಾಸ್ತ್ರವನ್ನು ಕುರಿತು ಗ್ರಂಥ ರಚಿಸಿದವರು. ಬಯಸಿ ವರಿಸಿದ ಸರಳ ಜೀವನವನ್ನು ಕುರಿತ ಅವರ ಪ್ರಸಿದ್ಧ ಪ್ರಬಂಧ 1936ರಲ್ಲಿ ಶಾಂತಿನಿಕೇತನದ ವಿಶ್ವಭಾರತಿ ತ್ರೈಮಾಸಿಕದಲ್ಲಿ ಅಚ್ಚಾಯಿತು. ಸಾಬರಮತಿಯ ಚರಕ ಹೀಗೆ ಒಂದು ಸುತ್ತು ಬಳಸಿ ಅಮೆರಿಕದ ದುಂಡು ಮನೆಗೂ ತನ್ನ ನೂಲನ್ನು ಎಳೆದಿದೆಯೆಂದರೆ ಅದು ಉತ್ಪ್ರೇಕ್ಷೆಯಲ್ಲ.

ಕಾಪರ್‌ತ್ವೇಟ್ ಗೆರ್ ಅನ್ನು ಇದ್ದಂತೆಯೇ ನಕಲುಮಾಡಲಿಲ್ಲ. ಮೇನ್ ಸಂಸ್ಥಾನದ ತೇವದ ಕಡಲತೀರದಲ್ಲಿ ಫೆಲ್ಟು ಬಾಳಿಕೆ ಬರುವಂಥದಲ್ಲ. ಮರವೋ ಅಲ್ಲಿ ಯಥೇಚ್ಛ. ಆದುದರಿಂದ ಅವರು ಜಾಲರಿಯನ್ನೂ ಫೆಲ್ಟನ್ನೂ ಕೈಬಿಟ್ಟು, ಒಂದು ತುದಿಗೆ ಕಿರಿದಾಗುತ್ತ ಬರುವ ಹಲಗೆಗಳನ್ನು ಸಾಲಾಗಿ ಜೋಡಿಸಿ, ಹೊರಕ್ಕೆ ಓರೆಯಾಗಿ ವಾಲಿದ ಗೋಡೆಯನ್ನು ಮಾಡಿ, ಅದರ ಮೇಲಂಚನ್ನು ಉಕ್ಕಿನ ತಂತಿಯಿಂದ ಬಿಗಿದರು. ಹಗ್ಗದ ತತ್ತ್ವ ಉಳಿಯಿತು, ಹಗ್ಗ ಬದಲಾಯಿತು. ಬಡಗಿಯ ಕಸುಬನ್ನು ಕಲಿಯದವರೂ ನಾಲ್ಕು ಜನ ಕೂಡಿ ತಮ್ಮ ಮನೆಯನ್ನು ತಾವೇ ಕಟ್ಟಿಕೊಳ್ಳುವಂತಾಗಬೇಕೆಂಬುದು ಅವರ ಉದ್ದೇಶ. ವಿದ್ಯಾರ್ಥಿಗಳೊಡನೆ, ಕಮ್ಮಟಗಳಲ್ಲಿ, ಇಂಥವನ್ನು ಬಹುಸಂಖ್ಯೆಯಲ್ಲಿ ಕಟ್ಟಿಸಿದರು. ತಾವು ಡಿಕಿನ್ಸನ್ಸ್ ರೀಚ್ ಎಂದು ಹೆಸರಿಟ್ಟ ಕಾಡಿನಲ್ಲಿ, ಮೋಟಾರು ಹೋಗುವ ರಸ್ತೆಯಿಲ್ಲದ ಜಾಗದಲ್ಲಿ, ಕಾಲುದಾರಿಯಿಂದಲೋ ದೋಣಿಯಿಂದಲೋ ಸಾಮಾನು ತರುತ್ತ, ವಿದ್ಯುದ್ದೀಪವಿಲ್ಲದ ಹಲವು ಅಂತಸ್ತುಗಳ ಮರದ ಯುರ್ಟಿನಲ್ಲಿ 2013ರಲ್ಲಿ ತೀರಿಕೊಳ್ಳುವವರೆಗೆ ಬಾಳಿದರು.

ಅವರ ಪ್ರೇರಣೆಯಿಂದ ಹೊರಟ ಇನ್ನೊಂದು ಶಾಖೆ ಜಾಲರಿಯ ಗೋಡೆಗೆ ಹಿಂದಿರುಗಿ, ಫೆಲ್ಟಿನ ಸ್ಥಾನದಲ್ಲಿ ಕ್ಯಾನ್ವಾಸನ್ನೂ ಬಳಿಕ ವಿನೈಲ್ ಲೇಪಿಸಿದ ಬಟ್ಟೆಯನ್ನೂ ಹೊದಿಸಿತು. 1978ರಲ್ಲಿ ಓರೆಗಾನ್ ಸಂಸ್ಥಾನದಲ್ಲಿ ಪೆಸಿಫಿಕ್ ಯುರ್ಟ್ಸ್ ಎಂಬ ಕಾರ್ಖಾನೆ ತಲೆಯೆತ್ತಿ, ಮನೆ ಪೆಟ್ಟಿಗೆಗಳಲ್ಲಿ ಮಾರಾಟವಾಗುವ ಸರಕಾಯಿತು. ಈ ಆಧುನಿಕ ಯುರ್ಟನ್ನು ಕಟ್ಟುವವರು ಮೊದಲು ನೆಲದಿಂದ ಎತ್ತರದಲ್ಲಿ ಮರದ ಜಗಲಿಯೊಂದನ್ನು ಹಾಕುತ್ತಾರೆ. ಅದರ ಮೇಲೆ ಜಾಲರಿ, ಜಾಲರಿಯ ಮೇಲಂಚಿಗೆ ವಿಮಾನಗಳಲ್ಲಿ ಬಳಸುವ ಜಾತಿಯ ಉಕ್ಕಿನ ತಂತಿ, ತೆಳುಗಳುಗಳ ಬದಲು ಗಟ್ಟಿ ತೊಲೆಗಳು, ತೂನೊದ ಬಾಯಿಗೆ ಪಾರದರ್ಶಕವಾದ ಪ್ಲಾಸ್ಟಿಕ್ ಗುಮ್ಮಟ. ವಾಸಿಸತೊಡಗಿದ ಮೇಲೆ ತೊಡಕುಗಳು ಒಂದೊಂದಾಗಿ ಅರಿವಿಗೆ ಬರುತ್ತವೆ. ಚೌಕನೆಯ ಬೀರುವಿಗೆ ದುಂಡು ಗೋಡೆಯಲ್ಲಿ ಒರಗುವ ಜಾಗವಿಲ್ಲ. ಉಣ್ಣೆ ಒಳಗಿನ ತೇವವನ್ನು ಹೀರಿ ಮೆಲ್ಲಗೆ ಹೊರಕ್ಕೆ ಬಿಡುತ್ತಿತ್ತು. ವಿನೈಲ್ ಬಟ್ಟೆ ಅದನ್ನು ಒಳಗೇ ತಡೆಯುವುದರಿಂದ ಚಳಿಗಾಲದಲ್ಲಿ ಗೋಡೆ ಬೆವತು ಬೂಷ್ಟು ಹಿಡಿಯುತ್ತದೆ. ಮಳೆಯ ಸದ್ದು, ನೆರೆಯವರ ಮಾತು, ನಡುರಾತ್ರಿಯ ಗೂಬೆಯ ಕೂಗು, ಯಾವುದನ್ನೂ ಆ ತೆಳುಗೋಡೆ ತಡೆಯದು. ಸ್ನಾನದ ಮನೆಗೆ ಒಳಗೊಂದು ಚೌಕ ಕೋಣೆಯನ್ನು ಕಟ್ಟಬೇಕು, ಇಲ್ಲವೆ ಹೊರಗೆ ನಡೆಯಬೇಕು. ಇದು ಡೇರೆಯೋ ಮನೆಯೋ ಎಂದು ಊರಾಡಳಿತದವರು ಹಲವೆಡೆ ನಿರ್ಧರಿಸಲಾರದೆ ಪರವಾನಗಿಗೆ ಅಲೆದಾಡಿಸುವುದೂ ಉಂಟು. ಇಷ್ಟಾದರೂ ಮೇಲಿನಿಂದ ಇಳಿಯುವ ಬೆಳಕಿಗೂ, ಗೋಡೆ ಮುರಿದು ತಿರುಗದ ಆ ಒಂದೇ ಅವಕಾಶದ ನೆಮ್ಮದಿಗೂ ಮನಸೋತು ಅದರಲ್ಲಿಯೇ ಸಂಸಾರ ನಡೆಸುವವರು ಅನೇಕರಿದ್ದಾರೆ.

ಆರಂಭದಲ್ಲಿ ಕೇಳಿದ ಪ್ರಶ್ನೆಗೆ ಈ ಚರಿತ್ರೆ ಕೊಡುವ ಉತ್ತರ ಒಂದಿಷ್ಟು ವಿಚಿತ್ರವೇ ಸರಿ. ಉಲಾನ್‌ಬಾತರಿನ ಬೆಟ್ಟಗಳ ಮೇಲೆ ಗೆರ್‌ನ ಪ್ರತಿಯೊಂದು ಅಂಗವೂ ಶಾಸ್ತ್ರೋಕ್ತವಾಗಿ ಉಳಿದಿದೆ. ಹಿಂಡು ಹೋಯಿತು, ಹುಲ್ಲು ಹೋಯಿತು, ಹೊರಟುಹೋಗುವ ಸ್ವಾತಂತ್ರ್ಯ ಹೋಯಿತು. ಮೇನ್ ಸಂಸ್ಥಾನದ ಕಾಡಿನಲ್ಲಿ ಅಂಗಗಳು ಬಹುಮಟ್ಟಿಗೆ ಬದಲಾದುವು; ತಮ್ಮ ವಸತಿಯನ್ನು ತಮ್ಮ ಕೈಯಿಂದ, ನೆರೆಯವರ ಸಹಾಯದಿಂದ, ಸುತ್ತಲಿನ ನೆಲ ಕೊಟ್ಟ ಸಾಮಗ್ರಿಯಿಂದ ಮಾಡಿಕೊಳ್ಳುವ ಫೆಲ್ಟಿನ ಕಾಲದ ಶೀಲ ಅಲ್ಲಿ ಕೈಬದಲಾಗಿ ಬಾಳಿತು. ಅದೂ ಅರ್ಧ ಮಾತ್ರವೇ, ಏಕೆಂದರೆ ಆ ಮರದ ಮನೆಯನ್ನು ಬಿಚ್ಚಿ ಒಂಟೆಯ ಮೇಲೆ ಹೇರುವಂತಿಲ್ಲ. ಅದನ್ನು ಕಟ್ಟಿದವರು ಒಲಿದು ಒಂದೆಡೆ ನಿಂತವರು. ಉಲಾನ್‌ಬಾತರಿನವರಾದರೋ ಬೇರೆ ದಾರಿಯಿಲ್ಲದೆ ನಿಂತವರು. ಒಂದೇ ಬಗೆಯ ಚಾವಣಿಯ ಕೆಳಗೆ ಒಬ್ಬನು ಬಯಸಿ ಬಡವನಾಗಿ ಸುಖಿಯಾಗಿರುವುದೂ, ಇನ್ನೊಬ್ಬನು ಬಡತನಕ್ಕೆ ಸಿಕ್ಕಿ ಕೆಮ್ಮುತ್ತ ಕುಳಿತಿರುವುದೂ ಮನೆಯ ಗುಣದೋಷದಿಂದ ಆದುದಲ್ಲ. ಪರಂಪರೆಯನ್ನು ಕಾಪಾಡುವೆವೆಂದು ಪಟ್ಟಿಗಳನ್ನು ಬರೆಯುವವರೂ, ದುಂಡು ಮನೆಯನ್ನು ಕೊಂಡು ತಂದು ಸರಳ ಜೀವನವನ್ನು ಆರಂಭಿಸುವೆವೆಂದು ನಂಬುವವರೂ ಈ ಭೇದವನ್ನು ಗಮನಿಸುವುದು ಒಳ್ಳೆಯದು. ಮರದ ಬಳೆಯನ್ನೂ ಜಾಲರಿಯನ್ನೂ ರಕ್ಷಿಸುವುದು ಸುಲಭ. ಹುಲ್ಲುಗಾವಲಿನ ಬಾಳನ್ನೇ ರಕ್ಷಿಸಬೇಕೆಂದರೆ ಹಿಮಪಾತದ ವರ್ಷದಲ್ಲಿ ಕುರುಬನ ಹಿಂಡಿಗೆ ಮೇವನ್ನು ಒದಗಿಸಬೇಕು. ನಗರಕ್ಕೆ ಬಂದುಬಿಟ್ಟವನಿಗಾದರೆ ನಲ್ಲಿಯನ್ನೂ ಚರಂಡಿಯನ್ನೂ ಕೊಡಬೇಕು. ಗೆರ್ ಅನ್ನು ಗೌರವಿಸುವುದೆಂದರೆ ಕೊನೆಗೆ ಬಂದು ನಿಲ್ಲುವುದು ಈ ಲೌಕಿಕವಾದ ಕೆಲಸಗಳಲ್ಲಿಯೇ.